ನಡುಗಡ್ಡೆಗೊಂದು ಸಂಜೆ



ಬಳ್ಳಾರಿ ಜಿಲ್ಲೆಯಲ್ಲಿ ಒಂದು ದ್ವೀಪ ಇದೆ ಎಂದರೆ ಹಲವರು ನಂಬಲಾರರು. ಎತ್ತ ಹೊರಟರೂ ಸಮುದ್ರ ನಮಗೆ ಸುಮಾರು ಮುನ್ನೂರು ಕಿಲೋಮೀಟರ್ ದೂರ. ನಮ್ಮ ಸೀಮೆ ಅಂದರೆ ಬಿಸಿಲು, ಬಂಡೆಗುಡ್ಡ, ಗಣಿಯ ಕೆಂಪು ಧೂಳು. ಆದರೂ ದ್ವೀಪ ಇದೆ. ಸಿರುಗುಪ್ಪದ ಮಗ್ಗುಲಲ್ಲಿ ತುಂಗಭದ್ರೆ ಕವಲೊಡೆಯುತ್ತಾಳೆ. ಕಿರಿದಾದ ಕವಲಿನ ದಂಡೆಯ ಮೇಲೆ ಸಿರುಗುಪ್ಪ ಪಟ್ಟಣ ಕೂತಿದೆ. ಕವಲುಗಳು ಸುತ್ತುವರಿದ ನೆಲವೇ ದೇಶನೂರಿನ ನಡುಗಡ್ಡೆ. ನೂರು ವರ್ಷಕ್ಕೂ ಹಿಂದೆ ಅಚ್ಚಾದ ಬ್ರಿಟಿಷರ ಕಾಲದ ಗ್ಯಾಝೆಟಿಯರಿನಲ್ಲಿ ಅದರ ಹೆಸರಿದೆ, ಅಳತೆಯೂ ಇದೆ. ಉದ್ದ ಆರು ಮೈಲಿ. ಅಂದರೆ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್.

ಇವತ್ತು ದೇಶನೂರು ಅಂದರೆ ಜನಕ್ಕೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ನಡುಗಡ್ಡೆ ನೆನಪಾಗುವುದಿಲ್ಲ. ಸೇತುವೆ ಬಂತು, ರಸ್ತೆ ಬಂತು. ಹೊಳೆ ದಾಟುತ್ತಿದ್ದೇವೆ ಎಂಬುದೇ ಮರೆತುಹೋಯಿತು.

ಈ ಹೊತ್ತು ನಿಮ್ಮ ಮುಂದೆ ನಾನು ಇಡುವ ಮಾತು ಒಂದೇ. ಈ ನಡುಗಡ್ಡೆಗಾಗಿ ಒಂದು ಕಲಾಸಂಜೆ ನಡೆಯಬೇಕು. ಅದು ನಡುಗಡ್ಡೆಯ ಮೇಲೆಯೇ ನಡೆಯಬೇಕು. ಅಲ್ಲಿಯ ಜನ, ಅಲ್ಲಿಯ ಹೊಳೆ, ನಮ್ಮ ಸೀಮೆಯ ಆಟಪಾಟ, ಈ ಮೂರೂ ಒಂದೇ ಅಂಗಳದಲ್ಲಿ ಕೂಡಬೇಕು. ಯಾಕೆ, ಹೇಗೆ, ಕೇಳಿ.

ಮೊದಲು ನೆಲದ ಮಾತು. ಹಳೆಯ ಗ್ಯಾಝೆಟಿಯರು ಸಿರುಗುಪ್ಪವನ್ನು ಹೊಗಳುತ್ತದೆ. ಆಗ ಅದು ಸುಮಾರು 5,800 ಜನರ ಊರು. ಸುತ್ತ ಭತ್ತದ ಗದ್ದೆ, ತೆಂಗಿನ ತೋಪು, ಬಾಳೆಯ ತೋಟ. ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಚೆನ್ನಾಗಿ ನೀರುಂಡ ಊರಿಲ್ಲ ಎಂಬ ಹೆಸರು. ತುಂಗಭದ್ರಾ ಅಣೆಕಟ್ಟು ಕಟ್ಟಿ ಮುಗಿಸಿದ್ದು 1953ರಲ್ಲಿ. ಅದಕ್ಕೂ ಅರ್ಧ ಶತಮಾನದ ಮುಂಚಿನ ಮಾತು ಇದು. ಹಾಗಾದರೆ ಅಷ್ಟು ನೀರು ಎಲ್ಲಿಂದ ಬಂತು?

ವಿಜಯನಗರದ ಕಾಲುವೆಗಳಿಂದ. ತುಂಗಭದ್ರೆಯ ಬಂಡೆಗಳ ನಡುವೆ ಕಲ್ಲು ಸೇರಿಸಿ ತಗ್ಗು ಒಡ್ಡು ಕಟ್ಟಿದರು. ನೀರನ್ನು ನಿಲ್ಲಿಸಲಿಲ್ಲ, ಸ್ವಲ್ಪ ತಿರುಗಿಸಿದರು. ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳ, ಸಿರುಗುಪ್ಪ, ದೇಶನೂರು, ಹೀಗೆ ಒಂದರ ಕೆಳಗೊಂದು. ಗಮನಿಸಿ, ಆ ಸಾಲಿನಲ್ಲಿ ದೇಶನೂರಿನ ಹೆಸರೂ ಇದೆ. ಈ ಕಾಲುವೆಗಳಲ್ಲಿ ಇಂದೂ ನೀರು ಹರಿಯುತ್ತದೆ. ಹಂಪಿಯಲ್ಲಿ ಅರಮನೆ ಬಿತ್ತು, ಪೇಟೆ ಬಿತ್ತು. ಕಾಲುವೆ ಮಾತ್ರ ದುಡಿಯುತ್ತಲೇ ಇದೆ. ನನ್ನ ಮಟ್ಟಿಗೆ ವಿಜಯನಗರದ ಅತ್ಯಂತ ಜೀವಂತ ಸ್ಮಾರಕ ಅದು. ಟಿಕೆಟ್ಟಿಲ್ಲ, ಬೇಲಿಯಿಲ್ಲ. ಗದ್ದೆಯ ಬದುವಿನ ಮೇಲೆ ನಿಂತರೆ ಕಾಲಿಗೇ ತಾಗುತ್ತದೆ.

ನೆಲ ಇನ್ನೂ ಹಳೆಯದು. ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆದು ನೋಡಿದರು. ನಾಲ್ಕು ಸಾವಿರ ವರ್ಷದ ಹಿಂದಿನ ಹೊಸ ಶಿಲಾಯುಗದ ಜನರ ನೆಲೆ ಸಿಕ್ಕಿತು. ನಿಟ್ಟೂರಿನಲ್ಲಿ, ಉಡೇಗೋಳದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ದೇಶದ ಹೆಚ್ಚಿನ ಶಾಸನಗಳಲ್ಲಿ ಆ ಚಕ್ರವರ್ತಿಯ ಸ್ವಂತ ಹೆಸರು ಇರುವುದಿಲ್ಲ, ಬಿರುದು ಮಾತ್ರ ಇರುತ್ತದೆ. ಅಶೋಕ ಎಂಬ ಹೆಸರನ್ನೇ ಕೆತ್ತಿದ ಕಲ್ಲುಗಳು ಬೆರಳೆಣಿಕೆಯವು. ಅವು ಇರುವ ಊರುಗಳಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನವು. ಹೊಳೆಯ ದಂಡೆಯ ಕೆಂಚನಗುಡ್ಡದಲ್ಲಿ ಕೆಂಚನಗೌಡನ ಅರಮನೆಯ ಪಾಳುಗೋಡೆಗಳಿವೆ. ಇವೆಲ್ಲ ನಡುಗಡ್ಡೆಯ ಸುತ್ತಮುತ್ತ, ಗಾಡಿ ಕಟ್ಟಿಕೊಂಡು ಹೋಗಿಬರುವ ದೂರದಲ್ಲಿ.

ಇಷ್ಟು ಹೇಳಿದ್ದಾಯಿತು. ನಡುಗಡ್ಡೆ ಇದೆ. ಅದಕ್ಕೆ ನೀರುಣಿಸುವ ಕಾಲುವೆಗೆ ಶತಮಾನಗಳ ವಯಸ್ಸು. ಸುತ್ತಲಿನ ನೆಲಕ್ಕೆ ಸಾವಿರಾರು ವರ್ಷದ ನೆನಪು. ಈಗ ಕಲೆಯ ಮಾತಿಗೆ ಬರೋಣ.

ಐದು ನೂರು ವರ್ಷದ ಹಿಂದೆ ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಹಂಪಿಗೆ ಬಂದ. ಆನೆಗೊಂದಿಗೆ ಹೊಳೆ ದಾಟುವ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟ. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬಿದಿರು ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು. ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ. ನೆಟ್ಟಗೆ ಸಾಗುವುದಿಲ್ಲ, ತಿರುಗುತ್ತಾ ತಿರುಗುತ್ತಾ ಆಚೆ ದಡ ಸೇರುತ್ತವೆ. ಅವನು ಹೇಳಿದ್ದು ನಮ್ಮ ಹರಿಗೋಲಿನ ಸಂಗತಿ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ಹೆಣಿಗೆ ಅದೇ, ತಿರುಗುವ ಚಾಲೂ ಅದೇ.

ಈಗ ಇನ್ನೊಂದು ಚರ್ಮದ ಕಸುಬನ್ನು ನೆನೆಯಿರಿ. ತೊಗಲುಗೊಂಬೆ. ಆಡಿನ ತೊಗಲನ್ನು ಹದಮಾಡುತ್ತಾರೆ. ಕೂದಲು ತೆಗೆದು, ಬಿಗಿದು ಒಣಗಿಸಿ, ಬೆಳಕು ಹಾಯುವಷ್ಟು ತೆಳುವಾಗಿಸುತ್ತಾರೆ. ಅದರ ಮೇಲೆ ರಾಮನನ್ನೋ ರಾವಣನನ್ನೋ ಬರೆಯುತ್ತಾರೆ. ಒಡವೆ ಇರುವ ಕಡೆಯೆಲ್ಲ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಬಣ್ಣ ತುಂಬುತ್ತಾರೆ. ದೊಡ್ಡ ಗೊಂಬೆ ಮೂರು ನಾಲ್ಕು ಅಡಿ ಎತ್ತರ ಬರುತ್ತದೆ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಮುಂದೆ ಕೂತವರಿಗೆ ಬಣ್ಣದ ನೆರಳು ಕಾಣುತ್ತದೆ. ತೂತುಗಳಿಂದ ಹೊರಟ ಬೆಳಕು ಕಿರೀಟದ ಮೇಲೆ, ಎದೆಹಾರದ ಮೇಲೆ ಹರಳಿನಂತೆ ಮಿನುಗುತ್ತದೆ.

ಈ ಗೊಂಬೆಯನ್ನು ತಲೆಮಾರುಗಳಿಂದ ಆಡಿಸಿಕೊಂಡು ಬಂದವರು ಶಿಳ್ಳೇಕ್ಯಾತ ಸಮುದಾಯದವರು. ಅವರ ಇನ್ನೊಂದು ಕಸುಬು ಏನು ಗೊತ್ತೇ? ಮೀನು ಹಿಡಿಯುವುದು. ಹರಿಗೋಲು ಹಾಕಿ, ಬಲೆ ಬೀಸಿ ಹೊಳೆ ಕೆರೆಗಳಲ್ಲಿ ಬದುಕಿದ ಜನ ಅವರು. ಹಗಲು ಹೊಳೆಯಲ್ಲಿ ಬಲೆ, ರಾತ್ರಿ ಊರಬಯಲಿನಲ್ಲಿ ಪರದೆ. ದಾಟಿಸುವ ದೋಣಿಗೂ ತೊಗಲು, ಆಡಿಸುವ ಗೊಂಬೆಗೂ ತೊಗಲು. ಕಲೆ ಬೇರೆ, ನಿಸರ್ಗ ಬೇರೆ ಎಂದು ಎರಡು ಕಡತದಲ್ಲಿ ಇಡುವವರು ನಾವು. ಅವರ ಬದುಕಿನಲ್ಲಿ ಎರಡೂ ಒಂದೇ ನೀರಿನಿಂದ ಎದ್ದವು.

ಬಳ್ಳಾರಿಯವರಿಗೆ ಬೆಳಗಲ್ಲು ವೀರಣ್ಣನವರನ್ನು ಪರಿಚಯಿಸಬೇಕಾಗಿಲ್ಲ. ತೊಗಲುಗೊಂಬೆಯನ್ನು ರಾಮಾಯಣದಿಂದ ಸ್ವಾತಂತ್ರ್ಯ ಹೋರಾಟದ ಕಥೆಗೆ, ಗಾಂಧೀಜಿಯ ಕಥೆಗೆ ತಂದವರು ಅವರು. ನಮ್ಮ ಸೀಮೆಯ ಒಂದು ಹಳ್ಳಿಯ ಹೆಸರನ್ನು ಈ ಗೊಂಬೆಗಳ ಜೊತೆ ಹೊರನಾಡಿಗೂ ಕೊಂಡೊಯ್ದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತೊಂಬತ್ತರ ಆಸುಪಾಸಿನಲ್ಲೂ ಅವರು ಆಟದ ಕೆಲಸ ಬಿಟ್ಟಿರಲಿಲ್ಲ. ಗೊಂಬೆಗೆ ಹೊಸ ಕಥೆ ಹೇಳಲು ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಹಾಗಿದ್ದರೆ ಹೊಳೆಯ ಕಥೆಯನ್ನೂ ಗೊಂಬೆ ಹೇಳಬಲ್ಲದು.

ಕೇಳುಗರೇ, ಹರಿಗೋಲು, ತೊಗಲುಗೊಂಬೆ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇನ್ನು ಬಯಲಾಟ.

ಸುಗ್ಗಿ ಮುಗಿದರೆ ನಮ್ಮ ಹಳ್ಳಿಗಳಲ್ಲಿ ಬಯಲಾಟದ ಮಾತು ಏಳುತ್ತದೆ. ಊರಿನವರೇ ಪಾತ್ರ ಹಂಚಿಕೊಳ್ಳುತ್ತಾರೆ. ಮಾಸ್ತರು ಬರುತ್ತಾರೆ. ಎರಡು ಮೂರು ತಿಂಗಳು ರಾತ್ರಿ ತಾಲೀಮು. ಹಗಲು ನೇಗಿಲು ಹಿಡಿದವನು, ಟ್ರ್ಯಾಕ್ಟರ್ ಓಡಿಸಿದವನು ರಾತ್ರಿ ಅರ್ಜುನ. ಭುಜಕೀರ್ತಿ ಕಟ್ಟಿ ಕಿರೀಟ ಇಟ್ಟರೆ ಅವನ ನಡಿಗೆಯೇ ಬೇರೆ. ಮದ್ದಲೆ, ತಾಳ, ಮುಖವೀಣೆ. ಮುಖವೀಣೆಯ ಆ ಚೂಪು ದನಿ ಅರ್ಧ ಮೈಲಿ ಆಚೆಯ ಗದ್ದೆಯಲ್ಲಿ ಮಲಗಿದವನನ್ನೂ ಎಬ್ಬಿಸುತ್ತದೆ.

ಬಯಲಾಟದಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಯಾವ ರಾಜ ರಂಗಕ್ಕೆ ಬಂದರೂ ಸಾರಥಿ ತಡೆದು ವಿಚಾರಿಸುತ್ತಾನೆ. ತಾವು ಯಾರು, ಯಾವ ಊರು, ಬಂದ ಕಾರಣ ಏನು? ರಾಜ ತನ್ನ ವಂಶ, ತನ್ನ ರಾಜ್ಯ, ತನ್ನ ಪ್ರತಾಪ ಎಲ್ಲ ಹೇಳಿಕೊಳ್ಳಲೇಬೇಕು. ಹೇಳದೆ ಆಟ ಮುಂದೆ ಸಾಗದು.

ನಡುಗಡ್ಡೆಯ ಸಂಜೆಯಲ್ಲಿ ಹೊಳೆಯೇ ಒಂದು ಪಾತ್ರವಾಗಿ ಬರಲಿ. ಸಾರಥಿ ಅವಳನ್ನು ತಡೆದು ಕೇಳಲಿ. ತಾಯೀ, ತಾವು ಯಾರು? ಅವಳು ತಾನೇ ಹೇಳಲಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ತುಂಗೆಯಾಗಿ, ಭದ್ರೆಯಾಗಿ ಹುಟ್ಟಿದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾದೆ. ಅಲ್ಲಿಂದ ಐದು ನೂರು ಕಿಲೋಮೀಟರ್‌ಗೂ ಹೆಚ್ಚು ನಡೆದು ಕೃಷ್ಣೆಯನ್ನು ಸೇರುತ್ತೇನೆ. ದಾರಿಯಲ್ಲಿ ಹೊಸಪೇಟೆಯ ಬಳಿ ನನ್ನನ್ನು ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ಕಾಲುವೆಗಳಲ್ಲಿ ಬಳ್ಳಾರಿಗೆ ಹೋಗುತ್ತೇನೆ, ಆಂಧ್ರಕ್ಕೆ ಹೋಗುತ್ತೇನೆ, ರಾಯಚೂರಿಗೆ ಹೋಗುತ್ತೇನೆ. ಸಿರುಗುಪ್ಪದ ಗದ್ದೆಯಲ್ಲಿ ಸೋನಾ ಮಸೂರಿಯಾಗುತ್ತೇನೆ. ಪಕ್ಕದ ಕುರುಗೋಡಿನ ಮನೆಯಲ್ಲಿ ಅನ್ನವಾಗುತ್ತೇನೆ. ಹಗರಿ ನನ್ನ ತಂಗಿ, ಇದೇ ತಾಲ್ಲೂಕಿನಲ್ಲಿ ಬಂದು ನನ್ನ ಕೈ ಹಿಡಿಯುತ್ತಾಳೆ.

ಸಾರಥಿ ಬಿಡಬಾರದು. ಬಂದ ಕಾರಣ ಏನು ತಾಯೀ ಎಂದು ಕೇಳಬೇಕು. ಅದಕ್ಕೆ ಅವಳು ಏನು ಹೇಳಬೇಕೆಂದು ದೇಶನೂರಿನವರು, ಹೊಳೆದಂಡೆಯ ಊರುಗಳವರು ಕೂತು ತೀರ್ಮಾನಿಸಲಿ. ಆ ಮಾತು ಬರೆಯುವ ಹಕ್ಕು ಅವರದು.

ಯಾಕೆಂದರೆ ಹೊಳೆಯ ಸಿಟ್ಟನ್ನೂ ಕಂಡವರು ಅವರೇ. 2009ರ ಅಕ್ಟೋಬರ್ ಆರಂಭದ ನೆರೆಯನ್ನು ಸಿರುಗುಪ್ಪ ತಾಲ್ಲೂಕು ಮರೆತಿಲ್ಲ. ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮನೆ ಕುಸಿದವು, ಗದ್ದೆಯ ಮೇಲೆ ಮರಳು ಬಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಮೇಲೆ ಗೇಟು ಮುರಿದರೆ ಕೆಳಗಿನ ದಂಡೆಯವರಿಗೆ ನಿದ್ದೆ ಎಲ್ಲಿಂದ ಬರಬೇಕು? ಹೊಳೆಯನ್ನು ಹಾಡಿ ಹೊಗಳುವ ಸಂಜೆಯಲ್ಲಿ ಈ ಭಯಕ್ಕೂ ಜಾಗ ಇರಬೇಕು. ಬರೀ ಹೊಗಳಿಕೆ ಅವಳಿಗೂ ಬೇಡ, ದಂಡೆಯವರಿಗೂ ಬೇಡ.

ಇಲ್ಲಿಯವರೆಗೆ ಹರಿಗೋಲು, ಗೊಂಬೆ, ಬಯಲಾಟ ಎಂದು ಹೇಳಿದೆ. ಹಾಡಿನವರನ್ನು ಬಿಟ್ಟರೆ ತಪ್ಪಾಗುತ್ತದೆ. ಓದುಬರಹ ಬಾರದ ದರೋಜಿ ಈರಮ್ಮ ಹನ್ನೆರಡು ದೊಡ್ಡ ಕಾವ್ಯಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಬುರ್ರಕಥೆಯಲ್ಲಿ ಕುಮಾರರಾಮನ ಕಥೆಯನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. 2014ರಲ್ಲಿ ಅವರು ಹೋದರು. ಕುರುಗೋಡಿನ ಆಚೆ, ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಮನೆಯಿಂದ ಹೊರಬಿದ್ದು, ಜೋಗತಿ ಕುಣಿತದಲ್ಲಿ ಬದುಕು ಕಟ್ಟಿಕೊಂಡರು. ರಾಜ್ಯದ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಇಂಥವರು ನಮ್ಮ ಸೀಮೆಯವರು. ಕಲಾವಿದರನ್ನು ಹುಡುಕಿ ಬೆಂಗಳೂರಿಗೆ ಹೋಗುವ ಅಗತ್ಯ ಈ ಸಂಜೆಗಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಸೇರುವ ಭಜನೆಯವರು, ಡೊಳ್ಳಿನವರು ಬಂದರೂ ಅರ್ಧ ಸಂಜೆ ತುಂಬುತ್ತದೆ. ಬಳ್ಳಾರಿ ನಗರದಿಂದ ರಂಗಗೀತೆ ಹಾಡುವವರು ಬರಲಿ. ರಂಗಗಾಯಕಿ ಸುಭದ್ರಮ್ಮ ಮನ್ಸೂರರ ಊರು ಅದು. ತೆಲುಗು, ಕನ್ನಡ ಎರಡೂ ರಂಗಗಳು ಬೆಳೆದ ಊರು, ರಂಗನಟ ಬಳ್ಳಾರಿ ರಾಘವರ ಹೆಸರಿನಲ್ಲಿ ಕಲಾಮಂದಿರ ಇರುವ ಊರು. ಒಂದೆರಡು ತೆಲುಗು ಪದ್ಯ ಬಂದರೂ ಬರಲಿ. ಹೊಳೆಯ ನೀರನ್ನು ಎರಡೂ ಭಾಷೆಯವರು ಕುಡಿಯುತ್ತಾರೆ.

ಈಗ ನೀರಿನೊಳಗಿನವರ ಮಾತು. ಅವರನ್ನೂ ಸಂಜೆಗೆ ಕರೆಯಬೇಕು.

ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ನುಣುಪು ಮೈ, ಗಿಡ್ಡ ಕಾಲು, ಹುಟ್ಟಿನಂತೆ ಚಪ್ಪಟೆಯಾದ ಬಾಲ. ಕುಟುಂಬವಾಗಿ ಈಜುತ್ತವೆ, ಒಂದನ್ನೊಂದು ಶಿಳ್ಳೆ ಹೊಡೆದು ಕರೆಯುತ್ತವೆ. 2015ರಲ್ಲಿ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಅವುಗಳಿಗಾಗಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ನೀರುನಾಯಿಗೆಂದೇ ಮೀಸಲಿಟ್ಟ ಜಾಗ ದೇಶದಲ್ಲಿ ಅದೇ ಮೊದಲು. ಹೆಮ್ಮೆಯ ಸಂಗತಿ. ಆದರೆ ಆ ಗಡಿ ಕಂಪ್ಲಿಗೆ ಮುಗಿಯುತ್ತದೆ. ಹೊಳೆ ಮುಗಿಯುವುದಿಲ್ಲ. ನಮ್ಮ ನಡುಗಡ್ಡೆ ಕಂಪ್ಲಿಯ ಕೆಳಗಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ಬಗೆಯುವುದು, ಊರಿನ ಕೊಳೆ, ಗದ್ದೆಯ ಔಷಧಿ ನೀರಿಗೆ ಇಳಿಯುವುದು, ಇವೆಲ್ಲ ಗಡಿಕಲ್ಲು ನೋಡಿ ನಿಲ್ಲುವ ಕೆಡುಕುಗಳಲ್ಲ. ಕಾಗದದ ಮೇಲಿನ ರಕ್ಷಣೆ ಎಲ್ಲಿ ಮುಗಿಯುತ್ತದೋ ಅಲ್ಲಿ ಜನರ ಪ್ರೀತಿ ಕಾಯಬೇಕು. ಅಂಥ ಪ್ರೀತಿ ಭಾಷಣದಿಂದ ಹುಟ್ಟುವುದು ಕಷ್ಟ. ನೀರುನಾಯಿ ತೊಗಲುಗೊಂಬೆಯಾಗಿ ಪರದೆಯ ಮೇಲೆ ಮೀನಿನ ಹಿಂದೆ ಈಜಿದರೆ, ಮುಂದೆ ಕೂತ ಮಗು ಅದನ್ನು ಮರೆಯುವುದಿಲ್ಲ.

ನೆಲ, ಕಲೆ, ಹೊಳೆಯ ಜೀವ, ಇಷ್ಟನ್ನೂ ಹೇಳಿದೆ. ಇಷ್ಟೆಲ್ಲ ಇದೆ ನಿಜ, ಆದರೆ ಅವಸರ ಏನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ದೂರದ ಒಂದು ದ್ವೀಪದಲ್ಲಿದೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಕಿಲ್ಡಾ ಎಂಬ ದ್ವೀಪಗಳಿವೆ. ಕಡಿದಾದ ಬಂಡೆ, ಬಿರುಗಾಳಿ, ಲಕ್ಷಗಟ್ಟಲೆ ಕಡಲಹಕ್ಕಿ. ಅಲ್ಲಿಯ ಜನ ಹಕ್ಕಿ ಹಿಡಿದು, ಕುರಿ ಸಾಕಿ ಶತಮಾನಗಳ ಕಾಲ ಬದುಕಿದರು. ಅವರಿಗೆ ಅವರದೇ ಆಡುನುಡಿ, ಅವರದೇ ಹಾಡು. ಹರೆಯದವರು ಒಬ್ಬೊಬ್ಬರಾಗಿ ಹೊರಟುಹೋದರು. ಕಾಯಿಲೆ ಬಂದರೆ ಆಸ್ಪತ್ರೆ ಕಡಲಾಚೆ. 1930ರಲ್ಲಿ ಉಳಿದದ್ದು 36 ಜನ. ಅವರೇ ಸರ್ಕಾರಕ್ಕೆ ಅರ್ಜಿ ಬರೆದರು. ಆಗಸ್ಟ್ 29ರಂದು ಹಡಗು ಹತ್ತಿದರು. ಮತ್ತೆ ಅಲ್ಲಿ ಹಿಂದಿನಂತೆ ಊರು ಕಟ್ಟಲಿಲ್ಲ.

ಆಮೇಲೆ ಏನಾಯಿತು? ಹೊಗಳಿಕೆ ಬಂತು. 1986ರಲ್ಲಿ ಯುನೆಸ್ಕೊ ಆ ದ್ವೀಪಗಳ ನಿಸರ್ಗವನ್ನು ವಿಶ್ವ ಪರಂಪರೆ ಎಂದಿತು. 2005ರಲ್ಲಿ ಅಲ್ಲಿಯ ಸಂಸ್ಕೃತಿಯನ್ನೂ ಪರಂಪರೆ ಎಂದಿತು. ನಿಸರ್ಗ, ಸಂಸ್ಕೃತಿ ಎರಡಕ್ಕೂ ಮನ್ನಣೆ ಪಡೆದ ಜಾಗಗಳು ಜಗತ್ತಿನಲ್ಲಿ ಕೆಲವೇ. 2007ರಲ್ಲಿ ಅವರ ಕಥೆಯನ್ನು ಸಂಗೀತ ನಾಟಕವಾಗಿ ಯುರೋಪಿನ ಹಲವು ದೇಶಗಳಲ್ಲಿ ಆಡಿದರು. ಎಲ್ಲ ಒಳ್ಳೆಯದೇ. ಆದರೆ ಕೇಳಲು ಆ ಊರಿನವರು ಆ ಊರಿನಲ್ಲಿ ಇರಲಿಲ್ಲ.

ನಮ್ಮ ನಡುಗಡ್ಡೆಯಲ್ಲಿ ಜನ ಇದ್ದಾರೆ. ಗದ್ದೆ ಹಸಿರಾಗಿದೆ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಹರಿಗೋಲು ಹೆಣೆಯಬಲ್ಲ ಕೈಗಳು ಹೊಳೆಯ ದಂಡೆಯಲ್ಲಿ ಇನ್ನೂ ಇವೆ. ಅವಸರ ಅಂದರೆ ಇದೇ. ಊರು ಊರಾಗಿರುವಾಗ ಹಾಡಬೇಕು.

ಹಾಗಾದರೆ ಹೇಗೆ ಮಾಡುವುದು? ನನಗೆ ತೋಚಿದ್ದನ್ನು ಹೇಳುತ್ತೇನೆ. ನಿಮಗೆ ಇನ್ನೂ ಚೆನ್ನಾಗಿ ತೋಚಬಹುದು.

ಬನದ ಹುಣ್ಣಿಮೆಯ ಸುಮಾರಿಗೆ ಮಾಡಬೇಕು. ಮುಂಗಾರಿನ ಭತ್ತ ಮನೆ ಸೇರಿರುತ್ತದೆ. ನೆರೆಯ ಭಯ ಇರುವುದಿಲ್ಲ. ಬಿಸಿಲೂ ಇನ್ನೂ ಏರಿರುವುದಿಲ್ಲ. ಬೆಳಗಿನ ಜಾವದ ಚಳಿಗೆ ಎಲ್ಲರೂ ಕಂಬಳಿ ತರಲಿ. ದೊಡ್ಡ ವೇದಿಕೆ ಬೇಡ, ಗದ್ದೆಯ ಬಯಲು ಸಾಕು. ಹಂಪಿ ಉತ್ಸವದಂಥ ಬೆಳಕು ಇಲ್ಲಿ ಬೇಡ. ಗೊಂಬೆಯಾಟಕ್ಕೆ ಕತ್ತಲೇ ಬೇಕು, ಹೊಳೆಯ ಹಕ್ಕಿಗೂ ರಾತ್ರಿ ಕತ್ತಲೇ ಬೇಕು. ಡಿಜೆ ಸದ್ದು ಖಂಡಿತ ಬೇಡ. ಮುಖವೀಣೆ ಇರುವಾಗ ಅದಕ್ಕಿಂತ ಜೋರಾದ ಸದ್ದು ಯಾಕೆ? ನೀರಿನ ಅಂಚಿನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ಬೇಡ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಾಗದದಲ್ಲಿ ಕಟ್ಟಿಕೊಟ್ಟರೆ ನಡೆಯುತ್ತದೆ. ಊಟಕ್ಕೆ ಬಾಳೆ ಎಲೆ ಆ ಸೀಮೆಯಲ್ಲೇ ಇದೆ.

ಮಧ್ಯಾಹ್ನ ಮಕ್ಕಳಿಗಾಗಿ ಹರಿಗೋಲು ಹೆಣೆದು ತೋರಿಸಬೇಕು. ಬಿದಿರು ಸೀಳುವುದು, ದುಂಡು ಕಟ್ಟುವುದು, ಹೊದಿಕೆ ಬಿಗಿಯುವುದು. ಬಳ್ಳಾರಿಯ ಶಾಲೆಯ ಮಕ್ಕಳೂ ಬರಲಿ. ನಲ್ಲಿಯಲ್ಲಿ ಬರುವ ನೀರು ಯಾವ ಹೊಳೆಯದು ಎಂದು ಅವರು ಕೈಯಾರೆ ಮುಟ್ಟಿ ತಿಳಿಯಲಿ. ಇಳಿಹೊತ್ತಿಗೆ ಹಿರಿಯರ ಮಾತು. ನೆರೆಯ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು, ಮೊದಲು ಯಾವ ಯಾವ ಮೀನು ಸಿಗುತ್ತಿದ್ದವು, ಸೇತುವೆ ಇಲ್ಲದಾಗ ಬಾಣಂತಿಯನ್ನು ಹೇಗೆ ದಾಟಿಸುತ್ತಿದ್ದರು, ಇದನ್ನೆಲ್ಲ ಅಜ್ಜಂದಿರು ಅಜ್ಜಿಯರು ಹೇಳಲಿ, ಹುಡುಗರು ಮೊಬೈಲಿನಲ್ಲಿ ದನಿಮುದ್ರಣ ಮಾಡಿಕೊಳ್ಳಲಿ. ಆ ಕೆಲಸ ಒಂದಾದರೂ ಸಂಜೆ ಸಾರ್ಥಕ. ಆಮೇಲೆ ಹಾಡು. ಹಾಡಿನ ನಂತರ ಗೊಂಬೆ. ಹನುಮಂತ ಸಮುದ್ರ ಹಾರಿ ದ್ವೀಪಕ್ಕೆ ಬರುವ ಕಥೆಗಿಂತ ಈ ನೆಲಕ್ಕೆ ಹೊಂದುವ ಕಥೆ ಯಾವುದಿದೆ? ಕಿಷ್ಕಿಂಧೆ ಇದೇ ಹೊಳೆಯ ಮೇಲ್ದಂಡೆಯದು ಎಂದು ನಂಬುವ ಜನ ನಾವು. ನಡುರಾತ್ರಿಯಿಂದ ಬೆಳಗಿನವರೆಗೆ ಬಯಲಾಟ.

ಗೌರವಧನದ ಮಾತನ್ನು ಮೊದಲೇ ಮುಗಿಸಬೇಕು. ಗೊಂಬೆಯವರಿಗೆ, ಹಿಮ್ಮೇಳದವರಿಗೆ, ಹರಿಗೋಲು ಹೆಣೆಯುವವರಿಗೆ ಸಲ್ಲಬೇಕಾದ್ದು ಆಟದ ದಿನವೇ ಸಲ್ಲಬೇಕು. ಶಾಲು, ಹಾರ, ಫೋಟೊ ಆಮೇಲೆ.

ಬನದ ಹುಣ್ಣಿಮೆಗೆ ಆಟ ಆಗಬೇಕಾದರೆ ದಸರೆಯ ಹೊತ್ತಿಗೇ ಮಾಸ್ತರನ್ನು ಗೊತ್ತುಮಾಡಬೇಕು, ಪಾತ್ರ ಹಂಚಬೇಕು. ಹೊಳೆಯ ಪಾತ್ರ ಯಾರಿಗೆ ಎಂದು ದೇಶನೂರಿನವರು ಮೊದಲು ಹೇಳಲಿ. ಸಾರಥಿಗೆ ಬೇಕಾದರೆ ಕುರುಗೋಡಿನಿಂದ ಒಬ್ಬ ಮಾತುಗಾರನನ್ನು ಕರೆಸೋಣ. ಮುಖವೀಣೆ ನುಡಿಸುವವರು ಈಗ ವಿರಳ. ನಿಮ್ಮ ಊರಿನಲ್ಲಿ, ನೆರೆಯೂರಿನಲ್ಲಿ ಯಾರಾದರೂ ಇದ್ದರೆ ಅವರನ್ನು ಈಗಲೇ ಹುಡುಕಿ ಮಾತಾಡಿಸಿ. ಅವರ ಜೊತೆ ಕಲಿಯಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ.